ಡಂಗುರವೂ ಬೇಕು, ದೊಡ್ಡಿಯೂ ಬೇಕು: ರಾಸುಗಳ ರಕ್ಷಣೆಗೆ ವಾಟ್ಸಾಪ್ ಮತ್ತು ಜಾಲತಾಣ



ರಾತ್ರಿ ಹಗ್ಗ ಕಿತ್ತುಕೊಂಡು ಹೋದ ಹಸು ಬೆಳಗಿನ ಹಾಲು ಕರೆಯುವ ಹೊತ್ತಿಗೂ ಬರದಿದ್ದರೆ ನಾವು ಈಗ ಮಾಡುವ ಮೊದಲ ಕೆಲಸ ಡೇರಿಯ ವಾಟ್ಸಾಪ್ ಗುಂಪಿಗೆ ಒಂದು ಫೋಟೋ ಹಾಕುವುದು. ಹೆದ್ದಾರಿಯಲ್ಲಿ ವಾಹನ ಬಡಿದು ಬಿದ್ದ ಕರುವಿನ ಚಿತ್ರವೂ ಹೀಗೆಯೇ ಹತ್ತಾರು ಊರು ಸುತ್ತುತ್ತದೆ. ಆದರೆ ಸಂದೇಶ ಹೋದಷ್ಟು ವೇಗವಾಗಿ ಸಹಾಯ ಬರುವುದಿಲ್ಲ. ಯಾವ ಊರು, ಯಾವ ದಿನ, ಯಾರಿಗೆ ಫೋನ್ ಮಾಡಬೇಕು ಎಂಬುದೇ ಅದರಲ್ಲಿ ಇರುವುದಿಲ್ಲ. ಹಸು ಸಿಕ್ಕು ತಿಂಗಳಾದರೂ "ಕಳೆದುಹೋಗಿದೆ, ಶೇರ್ ಮಾಡಿ" ಎಂಬ ಸಂದೇಶ ಸುತ್ತುತ್ತಲೇ ಇರುತ್ತದೆ.

ಹಿಂದೆ ಊರಿನಲ್ಲಿ ಇದಕ್ಕೆ ಎರಡು ವ್ಯವಸ್ಥೆಗಳಿದ್ದವು. ಡಂಗುರ ಸಾರಿ ಸುದ್ದಿ ಮುಟ್ಟಿಸುತ್ತಿದ್ದರು. ಸಿಕ್ಕ ದನವನ್ನು ದೊಡ್ಡಿಗೆ ಕಟ್ಟುತ್ತಿದ್ದರು. ಮಾಲೀಕ ಡಂಗುರ ಕೇಳದಿದ್ದರೂ ದೊಡ್ಡಿಗೆ ಹೋಗಿ ನೋಡುತ್ತಿದ್ದ. ಇಂದಿನ ವಾಟ್ಸಾಪ್, ಫೇಸ್‌ಬುಕ್, ಯೂಟ್ಯೂಬ್‌ಗಳು ಡಂಗುರ ಇದ್ದಂತೆ. ಜಾಲತಾಣ ದೊಡ್ಡಿ ಇದ್ದಂತೆ. ನಮ್ಮಲ್ಲಿ ಡಂಗುರ ಜೋರಾಗಿದೆ, ದೊಡ್ಡಿಯೇ ಇಲ್ಲ.

ಯಾವುದರ ಕೆಲಸ ಏನು?

ಸಾಮಾಜಿಕ ಮಾಧ್ಯಮದ ಬಲ ವೇಗ. ಐದು ನಿಮಿಷದಲ್ಲಿ ಅಕ್ಕಪಕ್ಕದ ಹತ್ತು ಸಂಘಗಳಿಗೆ ಸುದ್ದಿ ಮುಟ್ಟುತ್ತದೆ. ಅದರ ದೋಷ ಮರೆವು. ಸಂಜೆಯ ಹೊತ್ತಿಗೆ ಆ ಸಂದೇಶ ಶುಭೋದಯದ ಚಿತ್ರಗಳ ಕೆಳಗೆ ಹೂತುಹೋಗಿರುತ್ತದೆ. ಇನ್ನೊಂದು ದೋಷವೂ ಇದೆ: ಒಮ್ಮೆ ಬೇರೆ ಗುಂಪುಗಳಿಗೆ ಹೋದ ಸಂದೇಶವನ್ನು ನಾವು ತಿದ್ದಲಾರೆವು.

ಜಾಲತಾಣ ತಾನಾಗಿ ಯಾರ ಮನೆ ಬಾಗಿಲಿಗೂ ಹೋಗುವುದಿಲ್ಲ. ಆದರೆ ಅದು ಒಂದೇ ವಿಳಾಸದಲ್ಲಿ ನಿಂತಿರುತ್ತದೆ, ಹುಡುಕಿದರೆ ಸಿಗುತ್ತದೆ, ತಿದ್ದಿದರೆ ಎಲ್ಲರಿಗೂ ತಿದ್ದಿದ್ದೇ ಕಾಣುತ್ತದೆ. ಆದ್ದರಿಂದ ಪ್ರತಿ ಸಂದೇಶದ ಕೊನೆಯಲ್ಲಿ ಜಾಲತಾಣದ ಕೊಂಡಿ ಇರಬೇಕು. ಹಸು ಸಿಕ್ಕ ದಿನ ಆ ಪುಟದಲ್ಲಿ "ಮಾಲೀಕರಿಗೆ ತಲುಪಿದೆ" ಎಂದು ಬರೆದರೆ ಸಾಕು. ಹಳೆಯ ಸಂದೇಶ ಎಲ್ಲಿಯೇ ಸುತ್ತುತ್ತಿರಲಿ, ಕೊಂಡಿ ಒತ್ತಿದವರಿಗೆ ನಿಜ ಸಂಗತಿ ತಿಳಿಯುತ್ತದೆ.

ಮಾಡಿ ತೋರಿಸಿದವರು

ರಾಜಸ್ಥಾನದ ಉದಯಪುರದಲ್ಲಿ 2002ರಲ್ಲಿ ಆರಂಭವಾದ ಅನಿಮಲ್ ಏಡ್ ಅನ್‌ಲಿಮಿಟೆಡ್ ಸಂಸ್ಥೆ ಬೀದಿಯಲ್ಲಿ ಗಾಯಗೊಂಡ ದನ, ಕತ್ತೆ, ನಾಯಿಗಳಿಗೆ ಚಿಕಿತ್ಸೆ ನೀಡುತ್ತದೆ. ಪ್ರಾಣಿ ಬಂದಾಗಿನ ಸ್ಥಿತಿ, ಚಿಕಿತ್ಸೆ, ಗುಣವಾದ ಮೇಲಿನ ಸ್ಥಿತಿ ಇವಿಷ್ಟನ್ನೂ ಚಿಕ್ಕ ವಿಡಿಯೋದಲ್ಲಿ ತೋರಿಸುವುದು ಅವರ ಕ್ರಮ. ಯೂಟ್ಯೂಬ್‌ನಲ್ಲಿ ಅವನ್ನು ದೇಶವಿದೇಶಗಳ ಜನ ನೋಡುತ್ತಾರೆ. ನೋಡಿ ಮನಸ್ಸು ಕರಗಿದವರು ಜಾಲತಾಣಕ್ಕೆ ಹೋದರೆ ಸ್ವಯಂಸೇವೆ, ಭೇಟಿ, ದೇಣಿಗೆಯ ದಾರಿ ಅಲ್ಲಿ ಸಿಗುತ್ತದೆ.

ನಮ್ಮ ಗಡಿಗೆ ಹತ್ತಿರದ ಪುಟ್ಟಪರ್ತಿಯಲ್ಲಿ 2000ದಿಂದ ಕೆಲಸ ಮಾಡುತ್ತಿರುವ ಕರುಣಾ ಸೊಸೈಟಿಯವರು ಬೀದಿ ದನಗಳ ಹೊಟ್ಟೆಯಿಂದ ಶಸ್ತ್ರಚಿಕಿತ್ಸೆ ಮಾಡಿ ಪ್ಲಾಸ್ಟಿಕ್ ರಾಶಿಯನ್ನು ಹೊರತೆಗೆದರು. ಅದನ್ನು ತೋರಿಸುವ 'ದಿ ಪ್ಲಾಸ್ಟಿಕ್ ಕೌ' ಸಾಕ್ಷ್ಯಚಿತ್ರ ಅಂತರ್ಜಾಲದಲ್ಲಿ ಹರಡಿತು. ಪ್ಲಾಸ್ಟಿಕ್ ಚೀಲಗಳ ವಿರುದ್ಧ 2012ರಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದವರಲ್ಲಿ ಈ ಸಂಸ್ಥೆಯೂ ಒಂದು. ಕಂಡದ್ದನ್ನು ದಾಖಲಿಸಿ ಇಟ್ಟಿದ್ದರಿಂದಲೇ ಅದು ನ್ಯಾಯಾಲಯದವರೆಗೆ ಹೋಗಲು ಸಾಧ್ಯವಾಯಿತು.

ಮೊದಲು ಫೋನ್, ಆಮೇಲೆ ಫೋಟೋ

ಗಾಯಗೊಂಡ ರಾಸು ಕಂಡ ಕೂಡಲೇ ಸಂಚಾರಿ ಪಶು ಚಿಕಿತ್ಸಾ ಘಟಕದ ಉಚಿತ ಸಂಖ್ಯೆ 1962ಕ್ಕೆ ಅಥವಾ ನಿಮ್ಮ ಪಶುವೈದ್ಯರಿಗೆ ಕರೆ ಮಾಡಿ. ಬಾವಿಗೆ ಬಿದ್ದಿದ್ದರೆ 112ಕ್ಕೆ ಕರೆ ಮಾಡಿ ಅಗ್ನಿಶಾಮಕ ದಳ ಬೇಕೆಂದು ತಿಳಿಸಿ. ಅವರು ಬರುವವರೆಗೆ:

- ಸಾಧ್ಯವಿದ್ದರೆ ನೆರಳು ಮಾಡಿ. ರಸ್ತೆಯಲ್ಲಿದ್ದರೆ ವಾಹನಗಳನ್ನು ದೂರದಿಂದಲೇ ನಿಧಾನಗೊಳಿಸಿ.
- ರಕ್ತ ಸೋರುತ್ತಿದ್ದರೆ ಶುದ್ಧ ಬಟ್ಟೆಯಿಂದ ಒತ್ತಿ ಹಿಡಿಯಿರಿ.
- ಮಲಗಿದ ರಾಸಿನ ಬಾಯಿಗೆ ನೀರು, ಎಣ್ಣೆ ಸುರಿಯಬೇಡಿ. ಅದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಅಪಾಯ.
- ಅಡ್ಡಡ್ಡ ಮಲಗಿದ್ದು ಮೂಳೆ ಮುರಿದ ಲಕ್ಷಣ ಇಲ್ಲದಿದ್ದರೆ ಎದೆಯ ಮೇಲೆ ಕೂರುವಂತೆ ಹುಲ್ಲಿನ ಚೀಲದ ಆಸರೆ ಕೊಡಿ. ಇಲ್ಲವಾದರೆ ಹೊಟ್ಟೆ ಉಬ್ಬರಿಸುತ್ತದೆ.
- ಜೊಲ್ಲು ಸುರಿಸುತ್ತ ವಿಚಿತ್ರವಾಗಿ ವರ್ತಿಸುವ ರಾಸಿನ ಬಾಯಿಗೆ ಕೈ ಹಾಕಬೇಡಿ. ಅದು ಹುಚ್ಚುನಾಯಿ ರೋಗವೂ ಆಗಿರಬಹುದು.

ಇಷ್ಟಾದ ಮೇಲೆ ಫೋಟೋ ತೆಗೆಯಿರಿ. ಪಕ್ಕದಿಂದ ಇಡೀ ಮೈ, ಮುಖ, ಕಿವಿ ಓಲೆ ಹೀಗೆ ಮೂರು ಚಿತ್ರ ಸಾಕು. ರಕ್ತಸಿಕ್ತ ಗಾಯವನ್ನು ಹತ್ತಿರದಿಂದ ತೆಗೆದ ಚಿತ್ರವನ್ನು ವೈದ್ಯರಿಗೆ ಮಾತ್ರ ಕಳಿಸಿ.

ಸಂದೇಶ ಹೇಗಿರಬೇಕು?

ಒಂದು ಮಾದರಿ: "ಹೆಚ್.ಎಫ್. ಮಿಶ್ರತಳಿ ಹಸು, ಕಪ್ಪು ಬಿಳುಪು, ಎಡ ಕೊಂಬು ಮುರಿದಿದೆ. ಕಿವಿ ಓಲೆಯ ಕೊನೆಯ 4 ಅಂಕಿ ಇಂತಿವೆ. ಕೆರೆ ಏರಿಯ ಮಾರಮ್ಮನ ಗುಡಿ ಬಳಿ ಇಂಥ ದಿನಾಂಕ ಬೆಳಿಗ್ಗೆ 6ಕ್ಕೆ ಸಿಕ್ಕಿದೆ. ಸಂಘದ ಕಚೇರಿಗೆ ಕರೆ ಮಾಡಿ. ಈಗಿನ ಸ್ಥಿತಿಗೆ ಈ ಕೊಂಡಿ ನೋಡಿ."

ಗ್ರಾಮ, ತಾಲ್ಲೂಕು, ದಿನಾಂಕ ಇಲ್ಲದ ಸಂದೇಶವನ್ನು ಮುಂದಕ್ಕೆ ಕಳಿಸಲೇಬೇಡಿ. ಕಿವಿ ಓಲೆಯ 12 ಅಂಕಿಗಳನ್ನೂ ಹಾಕಬೇಡಿ. ಚಿತ್ರದಲ್ಲಿ ಪೂರ್ಣ ಸಂಖ್ಯೆ ಕಾಣುತ್ತಿದ್ದರೆ ಮರೆಮಾಡಿ. "ಹಸು ನನ್ನದು" ಎಂದು ಬಂದವರಿಂದ ಉಳಿದ 8 ಅಂಕಿ ಕೇಳಿ, ನೀವು ಪ್ರಕಟಿಸದೆ ಇಟ್ಟುಕೊಂಡ ಒಂದು ಗುರುತನ್ನೂ ಕೇಳಿ. ನಿಜವಾದ ಮಾಲೀಕರ ಬಳಿ ಆರೋಗ್ಯ ಕಾರ್ಡು ಅಥವಾ ವಿಮೆ ಪತ್ರ ಇರುತ್ತದೆ, ಇಲ್ಲವೇ ಅವರು ಹಸುವಿನ ಸುಳಿಯನ್ನಾದರೂ ಹೇಳುತ್ತಾರೆ. ಪೂರ್ಣ ಸಂಖ್ಯೆಯನ್ನು ಪಶು ಆಸ್ಪತ್ರೆಗೆ ಕೊಟ್ಟರೆ ಅಲ್ಲಿನ ದಾಖಲೆಯಿಂದಲೂ ಮಾಲೀಕರನ್ನು ಪತ್ತೆ ಮಾಡಬಹುದು. ಓಲೆ ಕಿತ್ತು ಬಿದ್ದಿದ್ದರೆ ಮತ್ತೆ ಹಾಕಿಸಿಕೊಳ್ಳಿ. ಓಲೆ ಇಲ್ಲದ ರಾಸಿನ ಮನೆಯನ್ನು ಹುಡುಕುವುದು ಬಹಳ ಕಷ್ಟ.

ಜಾಲತಾಣದಲ್ಲಿ ಏನಿರಬೇಕು?

ದೊಡ್ಡ ಖರ್ಚೇನೂ ಬೇಕಿಲ್ಲ. ಗೂಗಲ್ ಸೈಟ್ಸ್‌ನಂಥ ಉಚಿತ ಸೌಲಭ್ಯದಲ್ಲಿ ಒಂದು ಪುಟ ಮಾಡಲು ಪಿಯುಸಿ ಓದುವ ಮಕ್ಕಳಿಗೂ ಬರುತ್ತದೆ. ನಾಲ್ಕೈದು ಸಂಘಗಳು ಸೇರಿ ಒಂದೇ ಪುಟ ಇಟ್ಟುಕೊಂಡರೆ ಇನ್ನೂ ಒಳ್ಳೆಯದು. ಏಕೆಂದರೆ ಹಗ್ಗ ಕಿತ್ತ ಹಸು ಊರಿನ ಗಡಿ ನೋಡುವುದಿಲ್ಲ. ಪುಟದಲ್ಲಿ ನಾಲ್ಕು ಭಾಗ ಇರಲಿ: ತುರ್ತು ಸಂಖ್ಯೆಗಳು, ಪ್ರಥಮ ಚಿಕಿತ್ಸೆಯ ಕ್ರಮ, ಕಳೆದ, ಸಿಕ್ಕ ರಾಸುಗಳ ಪಟ್ಟಿ ಮತ್ತು ಇಂದಿನ ಸ್ಥಿತಿ, ಹಣ ಸಂಗ್ರಹಿಸಿದ್ದರೆ ಅದರ ಜಮಾ ಖರ್ಚು.

ವಿವರಗಳನ್ನು ಕನ್ನಡ ಅಕ್ಷರಗಳಲ್ಲಿ ಟೈಪ್ ಮಾಡಿ. ಬಣ್ಣದ ಪೋಸ್ಟರಿನ ಚಿತ್ರ ಮಾತ್ರ ಹಾಕಿದರೆ ಹುಡುಕುವವರಿಗೆ ಅದು ಸಿಗುವುದು ಕಷ್ಟ. ಪುಟದ ಕ್ಯೂಆರ್ ಕೋಡ್ ಅಚ್ಚು ಹಾಕಿಸಿ ಡೇರಿಯ ಗೋಡೆಗೆ ಅಂಟಿಸಿ. ಬಟನ್ ಫೋನ್ ಇರುವ ಸದಸ್ಯರಿಗಾಗಿ ಅದೇ ಪಟ್ಟಿಯನ್ನು ಸೂಚನಾ ಫಲಕದಲ್ಲೂ ಬರೆಯಿರಿ.

ಎಚ್ಚರ ಇರಲಿ

ವೀಕ್ಷಣೆಯ ಹಣಕ್ಕಾಗಿ ಪ್ರಾಣಿಯನ್ನು ತಾವೇ ಅಪಾಯಕ್ಕೆ ದೂಡಿ, ತಾವೇ ರಕ್ಷಿಸಿದಂತೆ ವಿಡಿಯೋ ಮಾಡುವವರಿದ್ದಾರೆ. ಇಂಥ ನಾಟಕಗಳನ್ನು ತಡೆಯಲು ಯೂಟ್ಯೂಬ್ 2021ರಲ್ಲಿ ತನ್ನ ನಿಯಮ ಬಿಗಿ ಮಾಡಿತು. ಪ್ರಾಣಿ ಒದ್ದಾಡುವಾಗ ಕ್ಯಾಮೆರಾ ಮೊದಲೇ ಸಿದ್ಧವಾಗಿದ್ದರೆ, ಊರು, ವೈದ್ಯರು, ನಂತರದ ಸ್ಥಿತಿ ಯಾವುದೂ ಇಲ್ಲದಿದ್ದರೆ ಅನುಮಾನಿಸಿ. ಬೈಯುವುದಕ್ಕೆಂದು ಹಂಚಿಕೊಂಡರೂ ಅವರಿಗೇ ಲಾಭ. ದೇಣಿಗೆ ಕೇಳಿದರೆ ನೋಂದಾಯಿತ ಸಂಸ್ಥೆಯೇ, ರಸೀದಿ ಕೊಡುತ್ತಾರೆಯೇ ಎಂದು ನೋಡಿ.

ಎರಡನೆಯದು ವದಂತಿ. 2022ರಲ್ಲಿ ಚರ್ಮಗಂಟು ರೋಗ ಹರಡಿದಾಗ ಹಾಲು ಕುಡಿಯಬಾರದೆಂಬ ಸಂದೇಶಗಳು ಓಡಾಡಿದವು. ಆ ರೋಗ ಮನುಷ್ಯರಿಗೆ ಬರುವುದಿಲ್ಲ. ಆದರೂ ಅಂಥ ಒಂದು ಚಿತ್ರ ಇಡೀ ಊರಿನ ಹಾಲಿನ ಮೇಲೆ ಅನುಮಾನ ತರಬಲ್ಲದು. ರೋಗದ ಹೆಸರನ್ನು ಪಶುವೈದ್ಯರು ಹೇಳಿದ ಮೇಲೆಯೇ ಬರೆಯಿರಿ. ಹಾಗೆಯೇ ಯಾರನ್ನೂ ದನಗಳ್ಳ ಎಂದು ಫೋಟೋ ಸಮೇತ ಹಾಕಬೇಡಿ. ಅನುಮಾನ ಇದ್ದರೆ ಪೊಲೀಸರಿಗೆ ತಿಳಿಸಿ.

ನಮ್ಮ ಕೊಟ್ಟಿಗೆಯಿಂದಲೇ ಹೋದವು

ಪಟ್ಟಣದ ರಸ್ತೆಗಳಲ್ಲಿ ರಕ್ಷಣೆಗೆ ಕಾಯುವ ರಾಸುಗಳಲ್ಲಿ ಬತ್ತಿದ ಮಿಶ್ರತಳಿ ಹಸುಗಳೂ ಗಂಡು ಕರುಗಳೂ ಇರುತ್ತವೆ. ಅವು ಯಾರ ಕೊಟ್ಟಿಗೆಯಿಂದ ಬಂದವು ಎಂದು ನಮಗೆ ಬೇರೆಯವರು ಹೇಳಬೇಕಿಲ್ಲ. ಹಸಿವು, ಬಾಯಾರಿಕೆಗೆ ಗುರಿಯಾಗುವಂತೆ ರಾಸನ್ನು ಬಿಟ್ಟುಬಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಮೇವಿನ ಬೆಲೆಯ ಕಷ್ಟವೂ ಸುಳ್ಳಲ್ಲ. ಅದಕ್ಕೇ ಜಾಲತಾಣದ ಪುಟದಲ್ಲಿ ಹತ್ತಿರದ ಗೋಶಾಲೆಗಳ ವಿವರ, ಸಾಕಲು ಒಪ್ಪುವವರ ಪಟ್ಟಿ ಇರಲಿ. ಸುಮಾರು ಶೇ. 90ರಷ್ಟು ಹೆಣ್ಣು ಕರುವನ್ನೇ ಕೊಡುವ ಲಿಂಗ ನಿರ್ಧಾರಿತ ವೀರ್ಯದ ಬಗ್ಗೆ ನಿಮ್ಮ ಕೃತಕ ಗರ್ಭಧಾರಣೆ ಕಾರ್ಯಕರ್ತರನ್ನು ವಿಚಾರಿಸಿ. ಬೀದಿಗೆ ಬೀಳದ ಕರುವಿಗೆ ರಕ್ಷಣೆಯೇ ಬೇಕಾಗುವುದಿಲ್ಲ.

ಮುಂದಿನ ಸಂಘದ ಸಭೆಯಲ್ಲಿ ಇಬ್ಬರನ್ನು ಗೊತ್ತುಮಾಡಿ. ಒಬ್ಬರು ಗುಂಪುಗಳಿಗೆ ಸಂದೇಶ ಕಳಿಸಲಿ, ಇನ್ನೊಬ್ಬರು ಪ್ರತಿದಿನ ಸಂಜೆ ಹಾಲು ಹಾಕಿಸಿಕೊಂಡ ಮೇಲೆ ಹತ್ತು ನಿಮಿಷ ಕುಳಿತು ಪುಟವನ್ನು ತಿದ್ದಲಿ. ಮೊದಲ ದಿನವೇ 1962 ಸಂಖ್ಯೆಯನ್ನು ಪುಟದ ಮೇಲ್ತುದಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆಯಿರಿ.