ಹಳೆಯ ವೈಜ್ಞಾನಿಕ ಕಾದಂಬರಿಗಳಲ್ಲಿ ಸ್ತ್ರೀ ಚಿತ್ರಣ

ಹತ್ತೊಂಬತ್ತನೆಯ ಶತಮಾನದಿಂದ 1960ರ ದಶಕದವರೆಗೆ ಪ್ರಕಟವಾದ ಪಾಶ್ಚಾತ್ಯ ವೈಜ್ಞಾನಿಕ ಕಾದಂಬರಿಗಳಲ್ಲಿ ಸ್ತ್ರೀಪಾತ್ರಗಳು ವಿರಳ. ಇರುವವುಗಳಲ್ಲಿಯೂ ಹೆಚ್ಚಿನವು ನಾಯಕನ ಪತ್ನಿ, ಪ್ರೇಯಸಿ ಅಥವಾ ವಿಜ್ಞಾನಿಯ ಮಗಳು ಎಂಬ ಸಂಬಂಧದಿಂದಲೇ ಗುರುತಿಸಲ್ಪಡುತ್ತವೆ. ಕಾಲಯಂತ್ರ, ಅಂತರಗ್ರಹ ಯಾನ, ಯಂತ್ರಮಾನವ ಮೊದಲಾದವನ್ನು ಕಲ್ಪಿಸಿದ ಲೇಖಕರು ಮನೆಯೊಳಗಿನ ವ್ಯವಸ್ಥೆಯನ್ನು ಮಾತ್ರ ತಮ್ಮ ಕಾಲದಲ್ಲಿ ಇದ್ದಂತೆಯೇ ಭವಿಷ್ಯಕ್ಕೆ ಕೊಂಡೊಯ್ದರು. ಅಮೆರಿಕದ ಲೇಖಕಿ ಜೊವಾನ್ನಾ ರಸ್ 1970ರ ದಶಕದ ಆರಂಭದ ಪ್ರಬಂಧವೊಂದರಲ್ಲಿ ಈ ವೈಪರೀತ್ಯವನ್ನು ಚರ್ಚಿಸಿದ್ದಾರೆ. ಇಂತಹ ಕಥಾಲೋಕವು ನಕ್ಷತ್ರಗಳ ನಡುವೆ ನೆಲೆಗೊಳಿಸಿದ ಅಮೆರಿಕದ ಮಧ್ಯಮವರ್ಗದ ಬಡಾವಣೆ ಎಂಬುದು ಅವರ ಅಭಿಪ್ರಾಯ.

ಆರಂಭಿಕ ಕೃತಿಗಳು

ಈ ಪ್ರಕಾರದ ಆದಿಕೃತಿಯೆಂದು ಅನೇಕ ವಿಮರ್ಶಕರು ಪರಿಗಣಿಸುವ ‘ಫ್ರಾಂಕೆನ್‌ಸ್ಟೈನ್’ (1818) ಬರೆದವರು ಮಹಿಳೆ, ಮೇರಿ ಶೆಲ್ಲಿ. ಅದು ಮೊದಲು ಪ್ರಕಟವಾದುದು ಲೇಖಕಿಯ ಹೆಸರಿಲ್ಲದೆ. ಕಾದಂಬರಿಯಲ್ಲಿ ಜಸ್ಟೀನ್ ತಾನು ಮಾಡದ ಕೊಲೆಗಾಗಿ ಗಲ್ಲಿಗೇರುತ್ತಾಳೆ. ಎಲಿಜಬೆತ್ ಮದುವೆಯ ರಾತ್ರಿಯೇ ಹತಳಾಗುತ್ತಾಳೆ. ವಿಕ್ಟರ್ ತಾನು ನಿರ್ಮಿಸುತ್ತಿದ್ದ ಸ್ತ್ರೀಜೀವಿಯನ್ನು ಅರ್ಧದಲ್ಲಿಯೇ ನಾಶಪಡಿಸುತ್ತಾನೆ. ಅದಕ್ಕೆ ಅವನು ಕೊಡುವ ಕಾರಣಗಳು ಗಮನಾರ್ಹ: ಅವಳಿಗೆ ಸ್ವಂತ ಇಚ್ಛೆ ಇರಬಹುದು, ತನ್ನ ಸೃಷ್ಟಿಗೂ ಮೊದಲೇ ಇತರರು ಮಾಡಿಕೊಂಡ ಒಪ್ಪಂದವನ್ನು ಅವಳು ತಿರಸ್ಕರಿಸಬಹುದು, ಸಂತಾನವನ್ನು ಪಡೆಯಬಹುದು. ಮುಂದಿನ ಒಂದು ಶತಮಾನದ ಲೇಖಕರಲ್ಲಿ ಈ ಭಯವನ್ನು ಇಷ್ಟು ಸ್ಪಷ್ಟವಾಗಿ ಹೇಳಿದವರು ಕಡಿಮೆ.

ಜೂಲ್ಸ್ ವರ್ನ್ ಅವರ ಭೂಗರ್ಭ ಯಾತ್ರೆಯ ಕಾದಂಬರಿಯಲ್ಲಿ (1864) ಹದಿನೇಳು ವರ್ಷದ ಗ್ರೌಬೆನ್ ಖನಿಜಶಾಸ್ತ್ರವನ್ನು ಚೆನ್ನಾಗಿ ಬಲ್ಲವಳು. ತಾನು ಹೊರೆಯಾಗುವುದಿಲ್ಲವೆಂದಾದರೆ ಸಂತೋಷದಿಂದ ಜೊತೆಗೆ ಬರುತ್ತಿದ್ದೆನೆಂದೂ ಹೇಳುತ್ತಾಳೆ. ಆದರೆ ಅವಳು ಹ್ಯಾಂಬರ್ಗ್‌ನಲ್ಲಿಯೇ ಉಳಿಯುತ್ತಾಳೆ. ಯಾತ್ರೆ ಮುಗಿಸಿದ ಆಕ್ಸೆಲ್‌ನನ್ನು ಮದುವೆಯಾಗುತ್ತಾಳೆ. ಎಚ್. ಜಿ. ವೆಲ್ಸ್ ಅವರ ಮಂಗಳವಾಸಿಗಳ ಆಕ್ರಮಣದ ಕಾದಂಬರಿಯಲ್ಲಿ (1898) ನಿರೂಪಕನ ಪತ್ನಿಗೆ ಹೆಸರೇ ಇಲ್ಲ. ಅದೇ ಕೃತಿಯಲ್ಲಿ ದರೋಡೆಕೋರರ ಮೇಲೆ ರಿವಾಲ್ವರ್ ಹಾರಿಸುವ ಮಿಸ್ ಎಲ್ಫಿನ್‌ಸ್ಟನ್ ಕೆಲವೇ ಪುಟಗಳಲ್ಲಿ ಮರೆಯಾಗುತ್ತಾಳೆ.

ಅಸಿಮೊವ್ ಕೃತಿಗಳು

ಯುವಕನಾಗಿದ್ದಾಗ ಪತ್ರಿಕೆಗೆ ಬರೆದ ಓದುಗರ ಪತ್ರಗಳಲ್ಲಿ ಐಸಾಕ್ ಅಸಿಮೊವ್ ವೈಜ್ಞಾನಿಕ ಕಥೆಗಳಲ್ಲಿ ಸ್ತ್ರೀಪಾತ್ರಗಳನ್ನು ತರುವುದನ್ನೇ ವಿರೋಧಿಸಿದ್ದರು. ‘ಫೌಂಡೇಶನ್’ (1951) ಹನ್ನೆರಡು ಸಾವಿರ ವರ್ಷ ಹಳೆಯದಾದ ನಕ್ಷತ್ರ ಸಾಮ್ರಾಜ್ಯದ ಕಥೆ. ಅದರಲ್ಲಿ ಮಾತನಾಡುವ ಸ್ತ್ರೀಯರು ಇಲ್ಲವೆನ್ನುವಷ್ಟು ಕಡಿಮೆ. ಅದರ ಕೊನೆಯ ಭಾಗದಲ್ಲಿ ವ್ಯಾಪಾರಿ ಮ್ಯಾಲೋ ಯುದ್ಧ ಮಾಡದೆಯೇ ಶತ್ರುದೇಶವನ್ನು ಸೋಲಿಸುವ ಉಪಾಯ ಹೂಡುತ್ತಾನೆ. ತಾನು ಮಾರಿದ ಅಣುಶಕ್ತಿಯ ಚಾಕು, ಒಲೆ, ಬಟ್ಟೆ ಒಗೆಯುವ ಯಂತ್ರಗಳು ಒಂದೊಂದಾಗಿ ಕೆಡುವಾಗ ಗೃಹಿಣಿಯರ ಅಸಮಾಧಾನ ಬೆಳೆಯುತ್ತದೆ ಎಂಬುದು ಅವನ ಲೆಕ್ಕಾಚಾರದ ಒಂದು ಭಾಗ. ಒಲೆಗೆ ಅಣುಶಕ್ತಿ ಬಂದಿದೆ. ಅದರ ಮುಂದೆ ನಿಂತವರು ಬದಲಾಗಿಲ್ಲ.

‘ಫೌಂಡೇಶನ್ ಅಂಡ್ ಎಂಪೈರ್’ (1952) ಕೃತಿಯ ಬೇಟಾ ಈ ಮಾದರಿಯನ್ನು ಮೀರುತ್ತಾಳೆ. ಅನ್ಯರ ಭಾವನೆಗಳನ್ನು ತಿದ್ದಬಲ್ಲ ಮ್ಯೂಲ್ ಎಂಬ ವಿಜೇತನು ವಿದೂಷಕನ ವೇಷದಲ್ಲಿ ಅವಳ ಜೊತೆಗೇ ಪಯಣಿಸುತ್ತಾನೆ. ಅವಳು ತಾನಾಗಿಯೇ ತೋರಿದ ಕನಿಕರವನ್ನು ಕಳೆದುಕೊಳ್ಳಲಾರದೆ ಅವಳ ಮನಸ್ಸನ್ನು ಮಾತ್ರ ಅವನು ಮುಟ್ಟುವುದಿಲ್ಲ. ಹೀಗೆ ಸ್ವತಂತ್ರವಾಗಿ ಉಳಿದ ಬುದ್ಧಿಯಿಂದ ಸತ್ಯವನ್ನು ಊಹಿಸಿ, ರಹಸ್ಯವೊಂದನ್ನು ಹೇಳಲು ಬಾಯಿ ತೆರೆದ ಮಿತ್ರನನ್ನೇ ಅವಳು ಕೊಲ್ಲುತ್ತಾಳೆ. ಗೆಲುವಿಗೆ ಸ್ತ್ರೀಸಹಜವೆನ್ನಲಾದ ಮೃದುತ್ವವೇ ಕಾರಣವೆಂದು ಓದಬಹುದು. ಆದರೆ ತರ್ಕವೂ ನಿರ್ಧಾರವೂ ಅವಳವೇ. ಮುಂದಿನ ಸಂಪುಟದ ಹದಿನಾಲ್ಕರ ಬಾಲಕಿ ಆರ್ಕೇಡಿಗೆ ಆ ಭಾಗ್ಯವಿಲ್ಲ. ಅವಳ ಒಳಹೊಳಹು ಶೈಶವದಲ್ಲಿಯೇ ಇತರರು ತಿದ್ದಿಟ್ಟದ್ದೆಂದು ಕೊನೆಯಲ್ಲಿ ತಿಳಿಯುತ್ತದೆ.

‘ಐ, ರೋಬೋಟ್’ (1950) ಕಥೆಗಳ ಡಾ. ಸೂಸನ್ ಕಾಲ್ವಿನ್ ಯಂತ್ರಮಾನವರ ಮನೋವಿಜ್ಞಾನಿ. ಒಂದೇ ರೂಪದ 63 ಯಂತ್ರಮಾನವರ ನಡುವೆ ಅಡಗಿದ ಒಂದನ್ನು ಪತ್ತೆಹಚ್ಚುವವಳು ಅವಳೇ. ಆದರೂ ಲೇಖಕರು ಅವಳನ್ನು ಪದೇ ಪದೇ ಶೀತಲ, ಆಕರ್ಷಣೆಯಿಲ್ಲದ ಒಂಟಿ ಹೆಂಗಸಾಗಿ ವರ್ಣಿಸುತ್ತಾರೆ. 1941ರ ಕಥೆಯೊಂದರಲ್ಲಿ ಸಹೋದ್ಯೋಗಿಯೊಬ್ಬ ತನ್ನನ್ನು ಪ್ರೀತಿಸುತ್ತಾನೆಂಬ ಸುಳ್ಳನ್ನು ನಂಬಿ ಅವಳು ಪ್ರಸಾಧನಕ್ಕೆ ತೊಡಗುತ್ತಾಳೆ. ಅವಳ ಸಹೋದ್ಯೋಗಿಗಳಾದ ಪುರುಷರ ಬುದ್ಧಿಗೆ ಇಂತಹ ಬೆಲೆಯನ್ನು ಕಟ್ಟಿಸಿಕೊಂಡಿಲ್ಲ.

ಭಿನ್ನ ಧ್ವನಿಗಳು

ಬಂಗಾಳದ ರೊಕೆಯಾ ಸಖಾವತ್ ಹುಸೇನ್ ಇಂಗ್ಲಿಷಿನಲ್ಲಿ ಬರೆದ ‘ಸುಲ್ತಾನಾಸ್ ಡ್ರೀಮ್’ ಮದರಾಸಿನ ‘ಇಂಡಿಯನ್ ಲೇಡೀಸ್ ಮ್ಯಾಗಜೀನ್’ನಲ್ಲಿ 1905ರಲ್ಲಿ ಪ್ರಕಟವಾಯಿತು. ಇದು ಕಾದಂಬರಿಯಲ್ಲ, ಸಣ್ಣ ಕಥೆ. ಇದರ ಸ್ತ್ರೀರಾಜ್ಯದಲ್ಲಿ ಪರದೆಯ ಹಿಂದಿರುವವರು ಪುರುಷರು. ವಿಶ್ವವಿದ್ಯಾನಿಲಯದ ವಿದುಷಿಯರು ಸಂಗ್ರಹಿಸಿದ ಸೂರ್ಯನ ಶಾಖವು ಶತ್ರುಸೈನ್ಯವನ್ನು ಓಡಿಸುತ್ತದೆ. ಅದೇ ಶಾಖದಿಂದ ಹೊಗೆಯಿಲ್ಲದ ಅಡುಗೆಮನೆಗಳು ನಡೆಯುತ್ತವೆ.

ಅರ್ಸುಲಾ ಲೆ ಗ್ವಿನ್ ಅವರ ‘ದಿ ಲೆಫ್ಟ್ ಹ್ಯಾಂಡ್ ಆಫ್ ಡಾರ್ಕ್‌ನೆಸ್’ (1969) ಸ್ಥಿರವಾದ ಲಿಂಗಭೇದವಿಲ್ಲದ ಜನರ ಕಥೆಯಾದರೂ ಅವರೆಲ್ಲರನ್ನೂ ಪುಲ್ಲಿಂಗ ಸರ್ವನಾಮದಿಂದಲೇ ಸೂಚಿಸುತ್ತದೆ. (ಕನ್ನಡದ ಗೌರವಾರ್ಥಕ ‘ಅವರು’ ಈ ಇಕ್ಕಟ್ಟನ್ನು ಸ್ವಲ್ಪಮಟ್ಟಿಗೆ ನೀಗಿಸಬಲ್ಲದು.) ಈ ಬಗ್ಗೆ ಬಂದ ಟೀಕೆಗೆ 1976ರ ಪ್ರಬಂಧದಲ್ಲಿ ಲೆ ಗ್ವಿನ್ ಸಮರ್ಥನೆ ನೀಡಿದರು, ಮುಂದಿನ ದಶಕದಲ್ಲಿ ಅದೇ ಪ್ರಬಂಧಕ್ಕೆ ಟಿಪ್ಪಣಿಗಳನ್ನು ಸೇರಿಸಿ ನಿಲುವನ್ನು ಬದಲಾಯಿಸಿಕೊಂಡರು. ಅದೇ ಲೋಕದ ‘ವಿಂಟರ್ಸ್ ಕಿಂಗ್’ ಕಥೆಯನ್ನು 1975ರ ಸಂಕಲನಕ್ಕಾಗಿ ಪರಿಷ್ಕರಿಸುವಾಗ, ‘ರಾಜ’ ಎಂಬ ಪದವನ್ನು ಹಾಗೆಯೇ ಉಳಿಸಿಕೊಂಡು, ಸರ್ವನಾಮಗಳನ್ನು ಸ್ತ್ರೀಲಿಂಗಕ್ಕೆ ಬದಲಾಯಿಸಿದರು.