ಕಾಣದ ಜತೆಗಾರರೊಡನೆ ಆಟ

ಆಟವೆಂಬುದು ಕಾಲಹರಣದ ಸಾಧನವೆಂದು ಹಿರಿಯರು ಬಗೆಯುವುದುಂಟು. ಆದರೆ ಹಲವರು ಒಂದು ಪಕ್ಷವಾಗಿ ಕೂಡಿ ಆಡುವ ಆಟದಲ್ಲಿ ಕೈಕಾಲುಗಳ ಚುರುಕಿನಷ್ಟೇ ಪರಸ್ಪರ ತಿಳಿವಳಿಕೆಯೂ ಬೇಕಾಗುವುದು. ಕಬಡ್ಡಿಯಲ್ಲಿ ಎದುರು ಪಕ್ಷದವನು ಗೆರೆ ದಾಟಿ ಬಂದಾಗ, ಕೈಹಿಡಿದು ನಿಂತ ಇಬ್ಬರಲ್ಲಿ ಒಬ್ಬನು ಮುನ್ನುಗ್ಗಿ ಇನ್ನೊಬ್ಬನು ಹಿಂಜರಿದರೆ ಸರಪಳಿಯು ಕಡಿಯುವುದು. ಅಲ್ಲಿ ಅಂಗೈಯ ಒತ್ತಡವೇ ಸಂಕೇತ. ಆ ಜತೆಗಾರನು ನೂರಾರು ಮೈಲಿ ದೂರದಲ್ಲಿದ್ದು, ಅವನ ಕೈಯಾಗಲಿ ಮುಖವಾಗಲಿ ತೋರದೆ ಧ್ವನಿಯೊಂದೇ ಕೇಳುತ್ತಿದ್ದರೆ ಆಟವು ನಡೆಯುವ ಬಗೆ ಹೇಗೆ? ಮೊಬೈಲಿನಲ್ಲಿ ಮಕ್ಕಳು ಆಡುವ ಕೂಟದಾಟಗಳ ವಿಷಯದಲ್ಲಿ ಗೃಹಸ್ಥರು ಮೊದಲು ವಿಚಾರಿಸಬೇಕಾದುದು ಇದನ್ನೇ ಎಂದು ನನಗೆ ತೋರುತ್ತದೆ.

ಕಳಸದ ಸಮೀಪದಲ್ಲಿ, ಕುದುರೆಮುಖದ ಬೆಟ್ಟಗಳ ಮಗ್ಗುಲಲ್ಲಿರುವ ನಮ್ಮ ಸಂಸೆಯಲ್ಲಿ ಈ ಪ್ರಶ್ನೆಗೆ ವಿಶೇಷವಾದ ಅರ್ಥವುಂಟು. ಬಯಲುಸೀಮೆಯ ಊರುಗಳಂತೆ ಇಲ್ಲಿ ಮನೆಗೆ ಮನೆ ಅಂಟಿಕೊಂಡಿಲ್ಲ. ಅಡಕೆಯ ತೋಟದ ನಡುವೆ ಒಂದು, ಕಾಫಿಯ ಗುಡ್ಡದಾಚೆ ಇನ್ನೊಂದು, ಚಹದ ಇಳಿಜಾರಿನ ಕೆಳಗೆ ಮತ್ತೊಂದು, ಹೀಗೆ ಒಂಟಿಮನೆಗಳು ಚದುರಿಕೊಂಡಿವೆ. ಮಳೆಗಾಲದಲ್ಲಿ ಹಳ್ಳಗಳು ತುಂಬಿ, ಕಾಲುದಾರಿಯಲ್ಲಿ ಉಂಬಳಗಳು ಕಾದಿರುವಾಗ ಹದಿನಾರು ವರ್ಷದ ಹುಡುಗನು ಗೆಳೆಯರನ್ನು ಅರಸಿ ಎಲ್ಲಿಗೆ ಹೋದಾನು? ಓದು ಮುಗಿಸಿದ ಅಣ್ಣಂದಿರು ಉದ್ಯೋಗಕ್ಕಾಗಿ ಬೆಂಗಳೂರು ಸೇರಿದ್ದಾರೆ. ಇಂತಹ ಹುಡುಗನು ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು, ಜಗಲಿಯ ಯಾವ ಮೂಲೆಯಲ್ಲಿ ಸಿಗ್ನಲ್ ದೊರೆಯುವುದೋ ಆ ಮೂಲೆಯಲ್ಲಿ ಕುಳಿತು, “ಹಿಂದೆ ಬಂದ, ಹಿಂದೆ ಬಂದ!” ಎಂದು ಕೂಗಿದರೆ ಅಜ್ಜಿಯು ಬೆದರುವುದು ಸಹಜವೇ. ಆದರೆ ಅವನು ತನ್ನಷ್ಟಕ್ಕೆ ತಾನೇ ಮಾತನಾಡುತ್ತಿಲ್ಲ. ಅವನ ಮಾತನ್ನು ಮೂವರು ಕೇಳುತ್ತಿದ್ದಾರೆ.

ಈ ಪದ್ಧತಿಯು ನಿನ್ನೆ ಮೊನ್ನೆಯದಲ್ಲ. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಷಾ ಎಂಬ ವಿದ್ಯಾರ್ಥಿಯು ಆರಂಭಿಸಿ, ರಿಚರ್ಡ್ ಬಾರ್ಟಲ್ ಎಂಬಾತನು ಬೆಳೆಸಿದ ‘ಮಡ್’ ಎಂಬ ಆಟದಲ್ಲಿ ಚಿತ್ರಗಳೇ ಇರಲಿಲ್ಲ. ಆಟಗಾರರು ಅಕ್ಷರಗಳನ್ನು ಒತ್ತಿಯೇ ಸಂಭಾಷಿಸುತ್ತಿದ್ದರು. 2004ರಲ್ಲಿ ಹೊರಬಂದ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಎಂಬುದರಲ್ಲಿ ಮಹಾರಾಕ್ಷಸರನ್ನು ಕೆಡಹಲು ಮೊದಮೊದಲು 40 ಮಂದಿ ಒಂದೇ ಹೊತ್ತಿಗೆ ಕೂಡಬೇಕಾಗುತ್ತಿತ್ತು. ಪೆಟ್ಟು ತಡೆಯುವವರು ಕೆಲವರು, ಗಾಯ ಮಾಯಿಸುವವರು ಕೆಲವರು, ಹೊಡೆಯುವವರು ಉಳಿದವರು. ನಮ್ಮ ದೇಶದಲ್ಲಿ ಮನೆಮಾತಾದ ‘ಪಬ್‌ಜಿ ಮೊಬೈಲ್’ ಆಟವನ್ನು ಕೇಂದ್ರ ಸರಕಾರವು 2020ರ ಸೆಪ್ಟೆಂಬರಿನಲ್ಲಿ ನಿಷೇಧಿಸಿತು. ಅದೇ ಬಗೆಯ ‘ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ’ 2021ರ ಜುಲೈಯಲ್ಲಿ ಬಂದು, 2022ರಲ್ಲಿ ತಡೆಯಲ್ಪಟ್ಟು, 2023ರ ಮೇ ತಿಂಗಳಲ್ಲಿ ಮರಳಿತು.

ಈ ಆಟದ ಸ್ವರೂಪವಿಷ್ಟು: ನೂರು ಮಂದಿಯವರೆಗೆ ಒಂದು ದ್ವೀಪದಲ್ಲಿ ಇಳಿಯುವರು. ನಾಲ್ವರದೊಂದು ತಂಡ. ಕ್ಷೇಮವಾದ ವಲಯವು ಕ್ರಮಕ್ರಮವಾಗಿ ಕುಗ್ಗುತ್ತ ಬಂದು, ಕಡೆಗುಳಿದ ತಂಡಕ್ಕೆ ಜಯವು ಲಭಿಸುವುದು. ತಂಡದಲ್ಲಿ ಒಬ್ಬನು ಪೆಟ್ಟು ತಿಂದು ಬಿದ್ದರೆ ಒಡನೆಯೇ ಅವನ ಆಟ ಮುಗಿಯದು. ಜತೆಗಾರನೊಬ್ಬನು ಅಪಾಯಕ್ಕೆ ಅಂಜದೆ ಬಳಿಸಾರಿ, ಕೆಲವು ಕ್ಷಣ ನಿಂತು ಎಬ್ಬಿಸಿದರೆ ಅವನು ಮರಳಿ ಎದ್ದಾನು. ಆದುದರಿಂದ ಎಷ್ಟೇ ಗುರಿಕಾರನಾದರೂ ಒಂಟಿಯಾಗಿ ಮುಂದೆ ಓಡಿದವನನ್ನು ಎಬ್ಬಿಸುವವರಿಲ್ಲ.

ಇಂತಹ ಸಂದರ್ಭದಲ್ಲಿ ಎಂತಹ ಮಾತು ಪ್ರಯೋಜನಕಾರಿ? ತರ್ಕಸಂಗ್ರಹವನ್ನು ಓದಿದವರಿಗೆ ಉತ್ತರವು ಅಂಗೈಯಲ್ಲಿಯೇ ಇದೆ. ವಾಕ್ಯದಿಂದ ಅರ್ಥಬೋಧೆಯಾಗಬೇಕಾದರೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರು ಬೇಕೆಂದು ಅನ್ನಂಭಟ್ಟನು ಅಲ್ಲಿ ವಿವರಿಸಿರುವನು.

ಒಂದು ಪದವು ತನ್ನ ಅರ್ಥವನ್ನು ತುಂಬಿಸುವ ಇನ್ನೊಂದು ಪದವನ್ನು ಬೇಡುವುದೇ ಆಕಾಂಕ್ಷೆ. “ಅಲ್ಲಿ! ಅಲ್ಲಿ!” ಎಂದು ಕೂಗಿದವನು ಕೇಳುವವರ ಆಕಾಂಕ್ಷೆಯನ್ನು ಕೆರಳಿಸಿದನೇ ಹೊರತು ತಣಿಸಲಿಲ್ಲ. “ಬಲಕ್ಕೆ” ಎಂದರೂ ಸಾಲದು. ನಾಲ್ವರೂ ನಾಲ್ಕು ದಿಕ್ಕಿಗೆ ಮುಖ ಮಾಡಿರುವಾಗ ಯಾರ ಬಲ? ಅದಕ್ಕಾಗಿಯೇ ತೆರೆಯ ಮೇಲ್ಗಡೆ ದಿಕ್ಸೂಚಿಯ ಅಂಕಿಗಳಿವೆ. “240ರಲ್ಲಿ ಇಬ್ಬರು, ಮರದ ಹಿಂದೆ” ಎಂದು ಪಳಗಿದವನು ಹೇಳುವನು. ಎಲ್ಲಿ, ಎಷ್ಟು, ಯಾವುದರ ಮರೆಯಲ್ಲಿ ಎಂಬ ಮೂರು ಪ್ರಶ್ನೆಗಳೂ ಅಷ್ಟರಲ್ಲಿ ತೀರಿದವು.

ಎರಡನೆಯದು ಯೋಗ್ಯತೆ. ಬೆಂಕಿಯಿಂದ ಗಿಡವನ್ನು ತೋಯಿಸೆಂದರೆ ಪದಗಳು ಸರಿಯಿದ್ದರೂ ಅರ್ಥವು ಕೂಡದು. ಬಿದ್ದವನಿಗೆ “ಓಡು” ಎನ್ನುವುದೂ, ಗುಂಡು ತೀರಿದವನಿಗೆ “ಹೊಡೆ” ಎನ್ನುವುದೂ ಅಂಥದೇ. ಜತೆಗಾರನ ಸ್ಥಿತಿಯನ್ನರಿಯದೆ ಅಪ್ಪಣೆ ಕೊಡುವವನು ನಾಯಕನಾಗಲಾರನು.

ಮೂರನೆಯದಾದ ಸನ್ನಿಧಿಯು ನಮ್ಮ ಬೆಟ್ಟದ ಸೀಮೆಯವರನ್ನು ಹೆಚ್ಚಾಗಿ ಕಾಡುವುದು. ಪದಗಳನ್ನು ವಿಳಂಬವಿಲ್ಲದೆ ಉಚ್ಚರಿಸಬೇಕು. ಜಾವಕ್ಕೊಂದು ಪದವನ್ನು ನುಡಿದರೆ ವಾಕ್ಯವೇ ಆಗದು. ಅಂತರಜಾಲದ ಆಟದಲ್ಲಿ ಆಟಗಾರನ ಪ್ರತಿಯೊಂದು ಚಲನೆಯೂ ದೂರದ ಸರ್ವರಿಗೆ ಹೋಗಿ ಅಲ್ಲಿ ತೀರ್ಮಾನವಾಗಿ ಮರಳಬೇಕು. ಈ ಹೋಗಿಬರುವ ವೇಳೆಗೆ ‘ಪಿಂಗ್’ ಎಂದು ಹೆಸರು. ಸೆಕೆಂಡಿನ ಸಾವಿರದ ಭಾಗಗಳಲ್ಲಿ ಅದರ ಎಣಿಕೆ. 50ರ ಒಳಗಿದ್ದರೆ ಸುಖ. 200 ಮೀರಿದರೆ ಶತ್ರುವನ್ನು ಕಂಡಾಗ ಅವನು ಆಗಲೇ ಹೊಡೆದಾಗಿರುವುದು. ಗಾಜಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರು ಓಡುವುದರಿಂದ 1,000 ಕಿಲೋಮೀಟರಿಗೆ ಹಿಡಿಯುವ ಕಾಲವು ಐದು ಸಾವಿರದ ಭಾಗ ಮಾತ್ರ. ಹಾಗಾದರೆ ತಡವೆಲ್ಲಿಯದು? ಬಹುಮಟ್ಟಿಗೆ ಗುಡ್ಡದ ಮರೆಯಲ್ಲಿ ಕ್ಷೀಣಿಸುವ ರೇಡಿಯೋ ತರಂಗದ್ದು, ಒಂದೇ ಟವರನ್ನು ನೆಚ್ಚಿದವರ ಸರದಿಯದು. ಧ್ವನಿಯೂ ಸಣ್ಣ ಸಣ್ಣ ತುಣುಕುಗಳಾಗಿಯೇ ಸಾಗುವುದು; ದಾರಿಯಲ್ಲಿ ಕಳೆದ ತುಣುಕಿಗಾಗಿ ಕಾದು ಕುಳಿತರೆ ಮಾತೇ ಹಳಸುವುದರಿಂದ ಸಾಮಾನ್ಯವಾಗಿ ಅದನ್ನು ಬಿಟ್ಟು ಮುಂದೆ ಸಾಗುವರು. “ಹೋಗಬೇಡ” ಎಂಬುದರಲ್ಲಿ “ಬೇಡ” ಕಳೆದುಹೋದರೆ ಗತಿಯೇನು? ಆದುದರಿಂದ ನಮ್ಮ ಕಡೆಯ ಹುಡುಗರು “ನಿಲ್ಲು” ಎಂದು ಒಂದೇ ಪದವನ್ನು ಬಳಸುವುದು ಜಾಣತನ.

ಮಾತು ಕೈಕೊಡುವಲ್ಲಿ ಸಂಕೇತವು ನೆರವಾಗುವುದು. 2019ರಲ್ಲಿ ಬಂದ ‘ಏಪೆಕ್ಸ್ ಲೆಜೆಂಡ್ಸ್’ ಎಂಬ ಆಟದಲ್ಲಿ ಒಂದು ಸ್ಥಳವನ್ನು ಗುರಿಯಿಟ್ಟು ಗುಂಡಿಯೊತ್ತಿದರೆ ಸಾಕು, ಶತ್ರುವಿರುವ ಎಡೆಯೋ ಆಯುಧವಿರುವ ಎಡೆಯೋ ಜತೆಗಾರರ ತೆರೆಯಲ್ಲಿ ಗುರುತಾಗುವುದು. ಭಾಷೆ ಬಾರದ ಇಬ್ಬರೂ ಇದರಿಂದ ಕೂಡಿ ಆಡಬಲ್ಲರು. 2012ರ ‘ಜರ್ನಿ’ ಎಂಬ ಆಟವಂತೂ ಇನ್ನೂ ಮಿತವಾದುದು: ಮರುಭೂಮಿಯಲ್ಲಿ ಸಂಧಿಸುವ ಇಬ್ಬರು ಅಪರಿಚಿತರಿಗೆ ಅಲ್ಲಿ ಮಾತೂ ಇಲ್ಲ, ಅಕ್ಷರವೂ ಇಲ್ಲ, ಗಾನದಂತಹ ಒಂದು ಸ್ವರದಿಂದ ಒಬ್ಬರನ್ನೊಬ್ಬರು ಕರೆಯಬಹುದು, ಅಷ್ಟೇ. ಬೈಯಲು ಅವಕಾಶವಿಲ್ಲದ ಕಡೆ ಒಲವಿಗೆ ಎಡೆಯುಂಟಾಗುವುದೆಂಬುದಕ್ಕೆ ಇದು ನಿದರ್ಶನ.

ಈ ಮೂರಕ್ಕೂ ಮಿಗಿಲಾದುದೊಂದಿದೆ. ಶಬ್ದವು ಪ್ರಮಾಣವಾಗುವುದು ಆಡಿದವನು ಆಪ್ತನಾದಾಗ. ಇದ್ದುದನ್ನು ಇದ್ದಂತೆ ಹೇಳುವವನೇ ಆಪ್ತನು. ಒಳಗೆ ನೋಡದೆಯೇ “ಯಾರೂ ಇಲ್ಲ” ಎಂದವನನ್ನು ನಂಬಿ ಬಾಗಿಲು ದಾಟಿದ ಮೂವರೂ ಕೆಡುವರು. “ಕಂಡೆ” ಎಂಬುದು ಪ್ರತ್ಯಕ್ಷ. “ಹೆಜ್ಜೆ ಸದ್ದಾಯಿತು, ಇರಬಹುದು” ಎಂಬುದು ಅನುಮಾನ. ಇವೆರಡನ್ನು ಬೆರೆಸದೆ ಹೇಳುವ ಹುಡುಗನ ಮಾತಿಗೆ ತಂಡದಲ್ಲಿ ಬೆಲೆಯುಂಟು. ತಾಳಮದ್ದಳೆಯ ಅರ್ಥಧಾರಿಗಳು ವಾದದಲ್ಲಿ ಎದುರಾಳಿಯನ್ನು ಕಟ್ಟಿಹಾಕಲೆಳಸಿದರೂ, ಅವನ ಮಾತನ್ನು ಪೂರ್ತಿ ಆಲಿಸದವನಿಂದ ಪ್ರಸಂಗವು ಮುಂದೆ ಸಾಗದು. ಕೂಟದಾಟದಲ್ಲಿಯೂ ಕೇಳುವ ಕಿವಿಯೇ ಅರ್ಧ ಬಲ.

ಹೀಗೆಂದು ಎಲ್ಲವೂ ಒಳ್ಳೆಯದೆಂದು ಭಾವಿಸಲಾಗದು. ಗೆಳೆಯರು ದೊರೆಯದಾಗ ಆಟವು ಅಪರಿಚಿತರನ್ನು ಜೋಡಿಸಿಕೊಡುವುದು. ಅವರಲ್ಲಿ ಸಭ್ಯರೂ ಇರುವರು, ಸೋತೊಡನೆ ಕೊಳಕು ಬೈಗುಳ ಸುರಿಸುವವರೂ ಇರುವರು. ಹೆಣ್ಣುಧ್ವನಿ ಕೇಳಿದರೆ ಕೀಳಾಗಿ ನಡೆದುಕೊಳ್ಳುವವರ ದೆಸೆಯಿಂದ ಎಷ್ಟೋ ಹುಡುಗಿಯರು ಮೂಕರಾಗಿಯೇ ಆಡುವರು. ಅಂಥವರ ಧ್ವನಿಯನ್ನು ಅಡಗಿಸುವ ಗುಂಡಿಯೂ, ದೂರು ಕೊಡುವ ಗುಂಡಿಯೂ ಎಲ್ಲಿವೆಯೆಂಬುದನ್ನು ಮಗಳೂ ಮಗನೂ ಅರಿತಿರಬೇಕು. ಹೆಸರು, ಶಾಲೆ, ಊರು, ಫೋನು ನಂಬರುಗಳನ್ನು ಕಾಣದವರಿಗೆ ಹೇಳಕೂಡದು. ಹಣ ಒಡ್ಡಿ ಆಡುವ ಆಟಗಳ ಮಾತು ಬೇರೆ. ಅವನ್ನು ನಿಷೇಧಿಸುವ ಕಾನೂನನ್ನು ಸಂಸತ್ತು 2025ರ ಆಗಸ್ಟಿನಲ್ಲಿ ಅಂಗೀಕರಿಸಿದೆ. ಅವುಗಳೊಡನೆ ಈ ಕೂಟದಾಟಗಳನ್ನು ಗೃಹಸ್ಥರು ಒಂದೇ ತಕ್ಕಡಿಯಲ್ಲಿ ತೂಗಬಾರದು.

ಕಡೆಯದಾಗಿ, ಪ್ರತಿ ಸಂಜೆಯೂ ಮನೆಮನೆಯಲ್ಲಿ ಏಳುವ ವ್ಯಾಜ್ಯವೊಂದಿದೆ. ತಾಯಿಯು ಊಟಕ್ಕೆ ಕರೆಯುವಳು, ಮಗನು “ಒಂದು ನಿಮಿಷ” ಎನ್ನುವನು, ಅನ್ನವು ಆರುವುದು. ದೊಡ್ಡ ದ್ವೀಪದ ಒಂದು ಆಟಕ್ಕೆ ಸುಮಾರು ಅರ್ಧ ಗಂಟೆ ಬೇಕು. ನಡುವೆ ಎದ್ದುಹೋದರೆ ಮೂವರನ್ನು ಕೈಬಿಟ್ಟಂತಾಗುವುದರಿಂದ ಅವನ ಸಂಕಟವು ಬರಿಯ ಹಟವಲ್ಲ, ಪಲ್ಲಕ್ಕಿಯ ಕೊಂಬಿಗೆ ಹೆಗಲು ಕೊಟ್ಟವನ ಸಂಕಟ. ಆದರೆ ಅಡಿಗೆ ಮಾಡಿ ಕಾದವಳೂ ಅವನ ಪಕ್ಷದವಳೇ ಅಲ್ಲವೆ? ಆದುದರಿಂದ ಆಟಕ್ಕೆ ಕೂರುವ ಮುನ್ನ “ಊಟ ಎಷ್ಟು ಹೊತ್ತಿಗೆ?” ಎಂದು ಅವನೂ, ಫೋನು ಕಸಿಯುವ ಮುನ್ನ “ಇನ್ನೆಷ್ಟು ಮಂದಿ ಉಳಿದಿದ್ದಾರೆ?” ಎಂದು ಇವಳೂ ಕೇಳುವುದು ಯುಕ್ತ. ವಾರಕ್ಕೊಮ್ಮೆಯಾದರೂ ಹಿರಿಯರು ಪಕ್ಕದಲ್ಲಿ ಕುಳಿತು, ಇಯರ್‌ಫೋನು ತೆಗೆಸಿ, ಮಗನು ಜತೆಗಾರರೊಡನೆ ಹೇಗೆ ಮಾತನಾಡುವನೆಂದು ಆಲಿಸಲಿ. ಬಿದ್ದವನನ್ನು ಎಬ್ಬಿಸಲು ಓಡುವನೋ, ಬೈದು ಮುಂದೆ ಹೋಗುವನೋ ಎಂಬುದು ಅಲ್ಲಿ ಸ್ಪಷ್ಟವಾಗಿ ತಿಳಿಯುವುದು. ಆಟಕ್ಕೆ ಎಷ್ಟು ಹೊತ್ತು ಕೊಡಬಹುದೆಂಬುದನ್ನು ಅದನ್ನು ಕೇಳಿದ ಮೇಲೆ ನಿಶ್ಚಯಿಸಿದರೆ ಸಾಕು.