ಹಳೆಯ ಮೇಲಧಿಕಾರಿಯ ಸಿಟ್ಟು, ಹೊಸ ಕೆಲಸದ ಸಂದರ್ಶನ

ಎದೆಯುರಿ, ತಲೆನೋವು, ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಮತ್ತೆ ಬಾರದ ನಿದ್ದೆ, ಭಾನುವಾರ ಸಂಜೆಯಾದರೆ ಹೊಟ್ಟೆ ತೊಳಸುವುದು. ಇಂತಹ ತೊಂದರೆಗಳೊಂದಿಗೆ ದವಾಖಾನೆಗೆ ಬರುವ ಉದ್ಯೋಗಸ್ಥರನ್ನು "ಭಾನುವಾರ ಸಂಜೆಯೇ ಏಕೆ?" ಎಂದು ಕೇಳಿದರೆ ನಿಜವಾದ ಕಾರಣ ಹೊರಬರುತ್ತದೆ. ಮರುದಿನ ಬೆಳಿಗ್ಗೆ ಎದುರಿಸಬೇಕಾದ ಮೇಲಧಿಕಾರಿ! ನಾಲ್ಕು ಜನರ ಮುಂದೆ ಗದರಿಸುವವರು, ರಜೆ ಕೇಳಿದರೆ ಅವಮಾನಿಸುವವರು, ಮಾಡಿದ ಕೆಲಸವನ್ನು ತಮ್ಮದೆಂದು ತೋರಿಸಿಕೊಳ್ಳುವವರು. ಕೊನೆಗೆ ಬೇರೆ ಕೆಲಸ ಹುಡುಕುವುದೇ ಸರಿ ಎಂದು ತೀರ್ಮಾನಿಸುತ್ತೀರಿ. ಆದರೆ ಸಂದರ್ಶನದಲ್ಲಿ "ಈಗಿನ ಕೆಲಸ ಏಕೆ ಬಿಡುತ್ತಿದ್ದೀರಿ?" ಎಂಬ ಪ್ರಶ್ನೆ ಬಂದ ಕೂಡಲೇ ಒಳಗಿನ ಸಿಟ್ಟೆಲ್ಲ ನಾಲಿಗೆಗೆ ಬಂದುಬಿಡುತ್ತದೆ. ಈ ಪ್ರಶ್ನೆಗೆ ದೇಹವನ್ನೂ ನಾಲಿಗೆಯನ್ನೂ ಒಟ್ಟಿಗೆ ಸಿದ್ಧಪಡಿಸಬೇಕು.

ನಾಡಿ ಹೇಳುವ ಸತ್ಯ

ಆರೋಗ್ಯಕ್ಕೆ ಅನಿವಾರ್ಯವಾದ ಆರು ಅಂಶಗಳನ್ನು ಯುನಾನಿ ವೈದ್ಯಪದ್ಧತಿ 'ಅಸ್ಬಾಬೆ ಸಿತ್ತಾ ಝರೂರಿಯ್ಯಾ' ಎಂದು ಕರೆಯುತ್ತದೆ. ಗಾಳಿ, ಅನ್ನಪಾನೀಯ, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ದೆ ಮತ್ತು ಎಚ್ಚರ, ದೇಹದಲ್ಲಿ ಉಳಿಯಬೇಕಾದದ್ದು ಮತ್ತು ಹೊರಹೋಗಬೇಕಾದದ್ದು. ಇವುಗಳಲ್ಲಿ ಸಿಟ್ಟು, ಭಯ, ದುಃಖಗಳು ಮನಸ್ಸಿನ ಚಲನೆಗೆ ಸೇರಿದವು. ಅವು ಮಿತಿಮೀರಿದರೆ ನಿದ್ದೆ, ಹಸಿವು, ಜೀರ್ಣಶಕ್ತಿ ಎಲ್ಲವೂ ಕೆಡುತ್ತವೆ.

ಇಬ್ನ್ ಸೀನಾ ತಮ್ಮ 'ಅಲ್ ಕಾನೂನ್' ಗ್ರಂಥದಲ್ಲಿ ಪ್ರೇಮದಿಂದ ಕೃಶರಾದವರ ಪರೀಕ್ಷೆಯ ಕ್ರಮವನ್ನು ವಿವರಿಸಿದ್ದಾರೆ. ರೋಗಿಯ ನಾಡಿ ಹಿಡಿದು ಒಂದೊಂದೇ ಹೆಸರು ಹೇಳುತ್ತಾ ಹೋದಾಗ, ಯಾವ ಹೆಸರಿಗೆ ನಾಡಿಯ ಗತಿ ಬದಲಾಗುತ್ತದೋ ಅಲ್ಲಿ ರೋಗದ ಮೂಲವಿದೆ. ಕೋಪ, ಭಯಗಳಿಗೂ ನಾಡಿ ಹೀಗೆಯೇ ಸ್ಪಂದಿಸುತ್ತದೆ. ವಿಶ್ರಾಂತಿಯಲ್ಲಿರುವ ವಯಸ್ಕರ ನಾಡಿ ಸಾಮಾನ್ಯವಾಗಿ ನಿಮಿಷಕ್ಕೆ 60ರಿಂದ 100 ಬಾರಿ ಮಿಡಿಯುತ್ತದೆ. ನಿಮ್ಮ ನಾಡಿಯನ್ನು ಒಮ್ಮೆ ಎಣಿಸಿಕೊಳ್ಳಿ. ಬಳಿಕ ಮೇಲಧಿಕಾರಿಯನ್ನು ನೆನೆದು ಮತ್ತೊಮ್ಮೆ ಎಣಿಸಿ. ಏರಿದ್ದರೆ, ಸಂದರ್ಶನದ ಕೋಣೆಯಲ್ಲೂ ಹಾಗೆಯೇ ಏರುತ್ತದೆ ಎಂದು ತಿಳಿಯಿರಿ. ಆಗ ಉಸಿರು ಮೇಲೆ ಮೇಲೆ ಬರುತ್ತದೆ, ಬಾಯಿ ಒಣಗುತ್ತದೆ, ಮಾತು ಅಗತ್ಯಕ್ಕಿಂತ ಉದ್ದವಾಗುತ್ತದೆ.

ಯೂಸುಫ್(ಅ)ರು ಹೇಳದೆ ಬಿಟ್ಟದ್ದು

ಪ್ರವಾದಿ ಯೂಸುಫ್(ಅ)ರನ್ನು ಬಾವಿಗೆ ಎಸೆದವರು ಅವರ ಅಣ್ಣಂದಿರೇ. ಹಲವು ವರ್ಷಗಳ ನಂತರ ಕುಟುಂಬವೆಲ್ಲ ಈಜಿಪ್ಟಿನಲ್ಲಿ ಒಂದುಗೂಡಿದಾಗ, ತಮ್ಮನ್ನು ಸೆರೆಮನೆಯಿಂದ ಹೊರತಂದ ಅಲ್ಲಾಹನ ಉಪಕಾರವನ್ನು ಅವರು ಸ್ಮರಿಸಿದರು. ಬಾವಿಯ ಮಾತನ್ನು ಎತ್ತಲಿಲ್ಲ. ಎದುರಿಗಿದ್ದ ಅಣ್ಣಂದಿರು ನಾಚಬಾರದೆಂದು ಹೀಗೆ ಮಾಡಿದರು ಎಂದು ಕುರ್‌ಆನ್ ವ್ಯಾಖ್ಯಾನಕಾರರು ಗುರುತಿಸಿದ್ದಾರೆ. ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಹೇಳಬೇಕಾದದ್ದನ್ನು ಮಾತ್ರ ಆರಿಸಿಕೊಂಡಿದ್ದರು. ಸಂದರ್ಶನಕ್ಕೆ ಹೋಗುವವರಿಗೆ ಇದಕ್ಕಿಂತ ಉತ್ತಮ ಮಾದರಿ ಬೇಕೇ?

ಕೆಲವು ಪ್ರಶ್ನೆಗಳು ಮತ್ತು ಉತ್ತರಗಳು

"ಏಕೆ ಬಿಡುತ್ತಿದ್ದೀರಿ?" ಎಂದು ಕೇಳಿದಾಗ ಎರಡು ಮೂರು ವಾಕ್ಯ ಸಾಕು. ಕಲಿತದ್ದು ಒಂದು, ಹುಡುಕುತ್ತಿರುವುದು ಇನ್ನೊಂದು. ಲೆಕ್ಕಪತ್ರ ವಿಭಾಗದಲ್ಲಿರುವವರು ಹೀಗೆ ಹೇಳಬಹುದು: "ಅಲ್ಲಿ ನಾಲ್ಕು ವರ್ಷ ದುಡಿದಿದ್ದೇನೆ ಸರ್. ಜಿಎಸ್‌ಟಿ ಕೆಲಸವನ್ನು ಪೂರ್ತಿಯಾಗಿ ಕಲಿತೆ. ಜವಾಬ್ದಾರಿ ಮತ್ತು ಕೆಲಸದ ವೇಳೆ ಸ್ಪಷ್ಟವಾಗಿರುವ ಕಡೆ ಮುಂದುವರಿಯಬೇಕೆಂದಿದ್ದೇನೆ." ಇದು ನಿಜವೂ ಹೌದು, ಯಾರ ನಿಂದೆಯೂ ಇಲ್ಲ.

"ನಿಮ್ಮ ಮೇಲಧಿಕಾರಿ ಹೇಗೆ?" ಎಂದರೆ ಅವರ ಸ್ವಭಾವವನ್ನು ವರ್ಣಿಸಬೇಡಿ, ಕೆಲಸದ ರೀತಿಯನ್ನು ಹೇಳಿ. "ಅವರು ಕೊನೆಯ ಗಳಿಗೆಯಲ್ಲಿ ಬದಲಾವಣೆ ಹೇಳುತ್ತಿದ್ದರು. ಹಾಗಾಗಿ ನಾನು ಪ್ರತಿ ಕೆಲಸವನ್ನೂ ಒಂದು ದಿನ ಮೊದಲೇ ಮುಗಿಸಿಡುವ ರೂಢಿ ಮಾಡಿಕೊಂಡೆ." ಇಲ್ಲದ ಗುಣವನ್ನು ಹೊಗಳುವ ಅಗತ್ಯವೂ ಇಲ್ಲ.

"ಅಲ್ಲಿ ವಿಚಾರಿಸಬಹುದೇ?" ಎಂದರೆ ಗಾಬರಿ ಬೇಡ. "ನಾನಿನ್ನೂ ಅಲ್ಲೇ ಕೆಲಸದಲ್ಲಿದ್ದೇನೆ. ನೇಮಕ ಖಚಿತವಾದ ಮೇಲೆ ವಿಚಾರಿಸಿದರೆ ಒಳ್ಳೆಯದು" ಎನ್ನಿ. ನಿಮ್ಮ ಕೆಲಸ ಬಲ್ಲ ಇನ್ನೊಬ್ಬ ಹಿರಿಯ ಸಹೋದ್ಯೋಗಿಯ ಹೆಸರನ್ನು, ಅವರ ಒಪ್ಪಿಗೆ ಪಡೆದು, ಸಿದ್ಧವಾಗಿಟ್ಟುಕೊಳ್ಳಿ.

ಕೆಲಸದಿಂದ ತೆಗೆದುಹಾಕಿದ್ದರೆ ರಾಜೀನಾಮೆ ಕೊಟ್ಟೆ ಎನ್ನಬೇಡಿ. ಸುಳ್ಳು ಒಂದು ಫೋನ್ ಕರೆಯಲ್ಲಿ ಬಯಲಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಸುಳ್ಳಿನಿಂದ ಆರಂಭವಾದ ಸಂಪಾದನೆಯಲ್ಲಿ ಬರಕತ್ ಎಲ್ಲಿಂದ ಬರಬೇಕು?

ಜುಮಾ ನಮಾಝ್‌ಗೆ ಬಿಡದಿರುವುದೇ ಜಗಳದ ಮೂಲವಾಗಿದ್ದರೆ ಹಳೆಯ ಕಥೆ ಬೇಡ. ಸಂದರ್ಶನದ ಕೊನೆಯಲ್ಲಿ "ಶುಕ್ರವಾರ ಮಧ್ಯಾಹ್ನ ನಮಾಝ್‌ಗೆ ಸ್ವಲ್ಪ ಬಿಡುವು ಬೇಕಾಗುತ್ತದೆ, ಆ ವೇಳೆಯನ್ನು ಸಂಜೆ ಸರಿದೂಗಿಸುತ್ತೇನೆ" ಎಂದು ನೇರವಾಗಿ ಕೇಳಿ. ಸೇರಿದ ಮೇಲೆ ತಗಾದೆ ಮಾಡುವುದಕ್ಕಿಂತ ಮೊದಲೇ ಮಾತಾಡುವುದು ಇಬ್ಬರಿಗೂ ಹಿತ.

ಎಲ್ಲ ದೂರೂ ಗೀಬತ್ ಅಲ್ಲ

ಸೂರಃ ಅಲ್ ಹುಜುರಾತ್ ಪರೋಕ್ಷ ನಿಂದೆಯನ್ನು ಕಟುವಾಗಿ ನಿಷೇಧಿಸಿದೆ. ಹಾಗೆಂದು ಅನ್ಯಾಯವನ್ನು ನುಂಗಿಕೊಂಡಿರಬೇಕೆಂದು ಅರ್ಥವಲ್ಲ. ಇಮಾಮ್ ನವವಿ(ರ) 'ರಿಯಾಝುಸ್ಸಾಲಿಹೀನ್'ನಲ್ಲಿ ಗೀಬತ್‌ಗೆ ವಿನಾಯಿತಿ ಇರುವ ಆರು ಸಂದರ್ಭಗಳನ್ನು ಕೊಟ್ಟಿದ್ದಾರೆ. ನ್ಯಾಯ ಕೊಡಬಲ್ಲವರ ಮುಂದೆ ಅನ್ಯಾಯಕ್ಕೊಳಗಾದವರು ದೂರು ಹೇಳಿಕೊಳ್ಳುವುದು ಅದರಲ್ಲೊಂದು. ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳಕ್ಕೊಳಗಾದ ಸಹೋದರಿಯರಿಗೆ 2013ರ ಕಾಯ್ದೆಯ ರಕ್ಷಣೆಯಿದೆ. ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಘಟನೆ ನಡೆದ ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬೇಕು. ದೂರಿಗೆ ಸ್ಥಳ ಆ ಸಮಿತಿ, ಸಂದರ್ಶನವಲ್ಲ ಎಂಬುದಷ್ಟೇ ವ್ಯತ್ಯಾಸ.

ಮುಂಚಿನ ವಾರ, ಆ ದಿನ

ನಿಮ್ಮ ಉತ್ತರವನ್ನು ಒಂದು ವಾರ ಮೊದಲಿನಿಂದ ದಿನಕ್ಕೆರಡು ಬಾರಿ ಗಟ್ಟಿಯಾಗಿ ಹೇಳಿ ರೂಢಿಸಿಕೊಳ್ಳಿ. ನಾಲ್ಕು ಎಣಿಸುತ್ತಾ ಉಸಿರೆಳೆದು, ಆರು ಎಣಿಸುತ್ತಾ ಬಿಡಿ. ಐದು ನಿಮಿಷ ಹೀಗೆ ಮಾಡಿದರೆ ಹೃದಯದ ಬಡಿತ ತಗ್ಗುತ್ತದೆ. ಇಶಾ ಬಳಿಕ ಮೊಬೈಲ್ ಬದಿಗಿಟ್ಟು ಬೇಗ ಮಲಗಿ. ಫಜ್ರ್ ನಂತರ ಅರ್ಧ ಗಂಟೆ ನಡೆಯಿರಿ.

ಆ ದಿನ ಖಾಲಿ ಹೊಟ್ಟೆಯಲ್ಲಿ ಚಹಾ, ಕಾಫಿ ಮೇಲಿಂದ ಮೇಲೆ ಕುಡಿಯಬೇಡಿ. ಎದೆ ಬಡಿತ, ಎದೆಯುರಿ ಎರಡೂ ಹೆಚ್ಚುತ್ತವೆ. ಇಡ್ಲಿ, ಗಂಜಿ ಅಥವಾ ರೊಟ್ಟಿ ತಿಂದು, ಸಾಕಷ್ಟು ನೀರು ಕುಡಿದು ಹೊರಡಿ. ಮಧುಮೇಹಿಗಳು ಉಪಾಹಾರವನ್ನೂ ಔಷಧವನ್ನೂ ತಪ್ಪಿಸಬಾರದು. ವುಝೂ ಮಾಡಿಕೊಳ್ಳಿ. ಫಿರ್‌ಔನನ ಬಳಿಗೆ ಹೋಗುವ ಮುನ್ನ ಮೂಸಾ(ಅ) ಎದೆ ವಿಶಾಲವಾಗಲೆಂದೂ ನಾಲಿಗೆಯ ಗಂಟು ಬಿಚ್ಚಲೆಂದೂ ಬೇಡಿದ ದುಆ ಸೂರಃ ತ್ವಾಹಾದಲ್ಲಿದೆ. ಅದನ್ನು ಓದಿಕೊಂಡು ಒಳಗೆ ಹೋಗಿ.

ಎದೆ ಬಡಿತಕ್ಕೆಂದು ಅಂಗಡಿಯಿಂದ ಖಮೀರ ಗಾವ್‌ಝಬಾನ್ ತಂದು ನೀವಾಗಿಯೇ ಸೇವಿಸಬೇಡಿ. ಅದರಲ್ಲಿ ಸಕ್ಕರೆಯಿದೆ, ಪ್ರಮಾಣವನ್ನು ವೈದ್ಯರೇ ಹೇಳಬೇಕು. ಎದೆನೋವು ತೋಳು, ದವಡೆಗೆ ಹರಡಿದರೆ ಅಥವಾ ಬೆವರಿ ಉಸಿರು ಕಟ್ಟಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಎರಡು ವಾರ ಕಳೆದರೂ ನಿದ್ದೆ ಬಾರದೆ, ಯಾವುದರಲ್ಲೂ ಮನಸ್ಸು ನಿಲ್ಲದಿದ್ದರೆ ವೈದ್ಯರನ್ನು ಕಾಣಿರಿ. ಬದುಕೇ ಬೇಡವೆನಿಸಿದರೆ ಒಂದು ದಿನವೂ ಕಾಯಬೇಡಿ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು.

ಮನೆಯವರಿಗೊಂದು ಮಾತು. "ಎಲ್ಲ ಕಡೆಯೂ ಹೀಗೇ, ಸಹಿಸಿಕೋ" ಎಂದು ಬಾಯಿ ಮುಚ್ಚಿಸಬೇಡಿ. ಸಂದರ್ಶನಕ್ಕೆ ಮೊದಲು ಅವರ ಸಿಟ್ಟನ್ನೆಲ್ಲ ಮನೆಯಲ್ಲೇ ಕೂತು ಕೇಳಿ. ಬಳಿಕ ನೀವೇ ಸಂದರ್ಶಕರಾಗಿ ಪ್ರಶ್ನೆ ಹಾಕಿ, ಉತ್ತರ ಹೇಳಿಸಿ. ಮನೆಯಲ್ಲಿ ಮನಸ್ಸು ಹಗುರವಾದವರು ಹೊರಗೆ ಅಳೆದು ಮಾತನಾಡಬಲ್ಲರು, ಇನ್ ಶಾ ಅಲ್ಲಾಹ್.